ಗೊತ್ತಿದ್ದೂ ಸುಮ್ಮನಿದ್ದರೆ: ಕಾರಿನ ದೋಷ, ಕಂಪನಿ ಮತ್ತು ಮಾಲೀಕ

2005ರ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿ ತನ್ನ ಡೀಲರ್‌ಗಳಿಗೆ ಒಂದು ಸರ್ವಿಸ್ ಸೂಚನೆ ಕಳಿಸಿತು. ಓಡುತ್ತಿರುವಾಗಲೇ ಕಾರು ಆಫ್ ಆಗುತ್ತಿದೆ ಎಂದು ಯಾರಾದರೂ ದೂರು ತಂದರೆ, ಕೀ ಗೊಂಚಲಿನಲ್ಲಿರುವ ಭಾರದ ವಸ್ತುಗಳನ್ನು ತೆಗೆಯಲು ಹೇಳಿ ಎಂಬುದು ಅದರ ಸಾರ.

ಕೇಳೋಕೆ ಸಲಹೆ ಚೆನ್ನಾಗಿಯೇ ಇದೆ. ಆದರೆ ಇನ್ನೊಂದು ಸಲ ಓದಿ. ದೂರು ತಂದವರಿಗೆ ಹೇಳಿ ಎಂದಿದೆ. ದೂರು ತರದವರ ಕಾರಿನಲ್ಲೂ ಅದೇ ಸ್ವಿಚ್ ಇತ್ತಲ್ವಾ? ಅವರಿಗೆ ಯಾರು ಹೇಳಬೇಕು?

ಆ ಸ್ವಿಚ್‌ನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ವಿಷಯದಲ್ಲಿ ತಿಳಿಯಬೇಕಾದ್ದರ ಮುಕ್ಕಾಲು ಪಾಲು ಅದರೊಳಗೇ ಇದೆ.

ಕೀ ತಿರುಗಿಸಿದಾಗ ಅದು ಒಂದೊಂದು ಜಾಗದಲ್ಲಿ ಟಕ್ ಎಂದು ಕೂರುತ್ತದೆ. ಆ ಹಿಡಿತ ಬರುವುದು ಇಗ್ನಿಷನ್ ಸ್ವಿಚ್ ಒಳಗಿನ ಒಂದು ಪುಟ್ಟ ಸ್ಪ್ರಿಂಗ್‌ನಿಂದ. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಕಾರುಗಳ ಸ್ವಿಚ್‌ನಲ್ಲಿ ಈ ಹಿಡಿತ ಕಂಪನಿಯೇ ಬರೆದಿಟ್ಟ ಅಳತೆಗಿಂತ ಸಡಿಲವಾಗಿತ್ತು. ಅಳತೆಗೆ ಬರುತ್ತಿಲ್ಲ ಎಂದು ತಿಳಿದೂ 2002ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಹೀಗಾಗಿ ಕೀ ಗೊಂಚಲು ಭಾರವಾಗಿದ್ದು ಕಾರು ಒಂದು ಗುಂಡಿಗೆ ಇಳಿದರೆ ಸಾಕು, ಅಥವಾ ಚಾಲಕನ ಮೊಣಕಾಲು ತಾಗಿದರೆ ಸಾಕು, ಕೀ ತಾನಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ತಿರುಗಿಬಿಡುತ್ತಿತ್ತು. ಎಂಜಿನ್ ನಿಂತುಹೋಗುತ್ತಿತ್ತು. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕ್‌ಗೆ ಸಿಗುವ ಸಹಾಯವೂ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಏರ್‌ಬ್ಯಾಗ್‌ಗೆ ಕರೆಂಟೇ ಇಲ್ಲ. ಅಂದರೆ ಅಪಘಾತ ಆಗುವ ಸಾಧ್ಯತೆ ಜಾಸ್ತಿಯಾದ ಆ ಕ್ಷಣದಲ್ಲೇ ಜೀವ ಉಳಿಸಬೇಕಾದ ಚೀಲ ಕೆಲಸ ಬಿಟ್ಟಿರುತ್ತಿತ್ತು.

ಕಾರು ನಡುದಾರಿಯಲ್ಲಿ ಆಫ್ ಆಗುತ್ತದೆ ಎಂಬ ದೂರುಗಳು 2004–05ರ ಹೊತ್ತಿಗೇ ಬಂದಿದ್ದವು. ಕಂಪನಿ ಅದನ್ನು ಸುರಕ್ಷತೆಯ ಸಮಸ್ಯೆ ಎಂದು ಬರೆದುಕೊಳ್ಳಲಿಲ್ಲ. ಗ್ರಾಹಕರ ಅನುಕೂಲಕ್ಕೆ ಸಂಬಂಧಿಸಿದ ವಿಷಯ ಎಂದು ಬರೆದುಕೊಂಡಿತು. ಆ ಒಂದು ಹಣೆಪಟ್ಟಿಯಿಂದ ಮುಂದಿನದೆಲ್ಲ ತೀರ್ಮಾನವಾಗಿಹೋಯಿತು. ಸುರಕ್ಷತೆ ಎಂದಿದ್ದರೆ ಖರ್ಚು ಎಷ್ಟೇ ಆಗಲಿ ಸರಿ ಮಾಡಲೇಬೇಕು. ಅನುಕೂಲ ಎಂದಾಗ ಲಾಭ ನಷ್ಟ ಲೆಕ್ಕ ಹಾಕಬಹುದು. ಹಾಕಿದರು. ಸರಿಪಡಿಸಲು ಒಂದು ಕಾರಿಗೆ ಬೀಳುತ್ತಿದ್ದ ಹೆಚ್ಚುವರಿ ಖರ್ಚು ಒಂದು ಡಾಲರ್‌ಗಿಂತ ಕಡಿಮೆ. ಅದೂ ಗಿಟ್ಟುವುದಿಲ್ಲ ಎಂದು ಕೈಬಿಟ್ಟರು.

2006ರಲ್ಲಿ ಸ್ವಿಚ್ಚನ್ನು ಬಲಪಡಿಸಿದರು. ಆದರೆ ಪಾರ್ಟ್ ನಂಬರ್ ಬದಲಿಸಲಿಲ್ಲ. ಬಿಡಿಭಾಗಗಳ ವ್ಯವಹಾರ ಸ್ವಲ್ಪ ಗೊತ್ತಿರುವವರಿಗೂ ಇದು ಎಂಥ ತಪ್ಪು ಎಂದು ಅರ್ಥವಾಗುತ್ತದೆ. ಭಾಗ ಬದಲಾದರೆ ನಂಬರ್ ಬದಲಾಗಲೇಬೇಕು. ಇಲ್ಲದಿದ್ದರೆ ಹಳೆಯದು ಯಾವುದು, ಹೊಸದು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಹಳೆಯ ಕಾರುಗಳಲ್ಲಿ ಏರ್‌ಬ್ಯಾಗ್ ತೆರೆಯುತ್ತಿಲ್ಲ, ಹೊಸದರಲ್ಲಿ ತೊಂದರೆಯಿಲ್ಲ, ಭಾಗ ಮಾತ್ರ ಒಂದೇ ಎಂದು ಕಂಪನಿಯೊಳಗೇ ತನಿಖೆ ಮಾಡುತ್ತಿದ್ದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಒಗಟು ಬಿಡಿಸಿದ್ದು ಹೊರಗಿನವರು. ಮಗಳನ್ನು ಕಳೆದುಕೊಂಡ ಒಂದು ಕುಟುಂಬದ ವಕೀಲರು ನೇಮಿಸಿದ್ದ ಎಂಜಿನಿಯರ್ ಎರಡು ಸ್ವಿಚ್‌ಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದ. ಸ್ಪ್ರಿಂಗ್ ಬೇರೆಯಾಗಿತ್ತು.

ದೋಷ ಸರಿಪಡಿಸಲು ಕಾರುಗಳನ್ನು ವಾಪಸ್ ಕರೆಸಲು, ಅಂದರೆ ರೀಕಾಲ್ ಮಾಡಲು, ಶುರುಮಾಡಿದ್ದು 2014ರ ಫೆಬ್ರವರಿಯಲ್ಲಿ. ಒಟ್ಟು ಸುಮಾರು 26 ಲಕ್ಷ ಕಾರು. ನಂತರ ಏರ್ಪಟ್ಟ ಪರಿಹಾರ ನಿಧಿ 124 ಸಾವುಗಳಿಗೆ ಈ ಸ್ವಿಚ್ಚನ್ನು ಹೊಣೆ ಮಾಡಿತು. 2015ರಲ್ಲಿ ಕಂಪನಿ ಅಮೆರಿಕ ಸರ್ಕಾರದ ಜೊತೆಗಿನ ಒಪ್ಪಂದದಂತೆ 90 ಕೋಟಿ ಡಾಲರ್ ಕಟ್ಟಿತು.

ದೋಷ ಬೇರೆ, ಗೊತ್ತಿರುವ ದೋಷ ಬೇರೆ

ಸಣ್ಣ ಸ್ಕ್ರೂವರೆಗೂ ಎಣಿಸಿದರೆ ಒಂದು ಕಾರಿನಲ್ಲಿ ಸುಮಾರು 30,000 ಭಾಗಗಳಿರುತ್ತವೆ. ಅದರಲ್ಲಿ ಒಂದಾದರೂ ಎಡವಟ್ಟಾಗುವುದು ಸಹಜ. ಎಷ್ಟೇ ಪರೀಕ್ಷೆ ಮಾಡಿದರೂ ಹತ್ತು ವರ್ಷದ ಬಿಸಿಲು, ಮಳೆ, ಧೂಳು, ನೂರಾರು ಬಗೆಯ ಚಾಲಕರನ್ನು ಪ್ರಯೋಗಾಲಯಕ್ಕೆ ತರಲು ಆಗುವುದಿಲ್ಲ. ಆದ್ದರಿಂದ ದೋಷ ಇತ್ತು ಎನ್ನುವುದಕ್ಕೇ ಕಂಪನಿಯನ್ನು ಕೆಟ್ಟದ್ದು ಎನ್ನುವುದು ಸರಿಯಲ್ಲ. ರೀಕಾಲ್ ಸುದ್ದಿ ಕೇಳಿದ ಕೂಡಲೇ "ಡಬ್ಬಾ ಕಂಪನಿ" ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಲೆಕ್ಕ ಬೇರೆ. ತಾನಾಗಿ ಬೇಗ ಕರೆಸಿದ ಕಂಪನಿಯನ್ನು ನಾನು ಜಾಸ್ತಿ ನಂಬುತ್ತೇನೆ.

ತೂಕ ಬದಲಾಗುವುದು ಗೊತ್ತಾದ ಮೇಲೆ. ಯಾಕೆ ಎಂದು ನೋಡಿ. ನಿಮಗೆ ಕಾಣುವುದು ನಿಮ್ಮ ಕಾರು ಒಂದೇ. ಅದು ನಡುರಸ್ತೆಯಲ್ಲಿ ನಿಂತರೆ ಹಣೆಬರಹ ಅಂದುಕೊಳ್ಳುತ್ತೀರಿ, ಇಲ್ಲ ನಾನೇ ಏನೋ ತಪ್ಪು ಮಾಡಿರಬೇಕು ಅಂದುಕೊಳ್ಳುತ್ತೀರಿ. ಕಂಪನಿಗೆ ಕಾಣುವುದು ಎಲ್ಲ ಕಾರುಗಳೂ. ಯಾವ ಭಾಗಕ್ಕೆ ಎಷ್ಟು ವಾರಂಟಿ ಬೇಡಿಕೆ ಬಂತು, ಯಾವ ತಿಂಗಳು ತಯಾರಾದ ಕಾರುಗಳಲ್ಲಿ ದೂರು ಜಾಸ್ತಿ, ಯಾವ ಬಿಡಿಭಾಗ ಇದ್ದಕ್ಕಿದ್ದಂತೆ ಹೆಚ್ಚು ಖರ್ಚಾಗುತ್ತಿದೆ, ಎಲ್ಲವೂ ಒಂದೇ ಕಡೆ ಬಂದು ಬೀಳುತ್ತದೆ. ಸಾವಿರ ಜನ ಮಾಲೀಕರು ಸಾವಿರ ಊರುಗಳಲ್ಲಿ ಒಬ್ಬೊಬ್ಬರೇ ಹಣೆ ಚಚ್ಚಿಕೊಳ್ಳುವಾಗ, ಅದು ಒಂದೇ ಕಾಯಿಲೆ ಎಂದು ಹೇಳಬಲ್ಲವರು ಕಂಪನಿಯವರು ಮಾತ್ರ.

ಇನ್ನೊಂದು ವಿಷಯವೂ ಇದೆ. ಕಾರು ಹತ್ತಬೇಕೇ ಬೇಡವೇ ಎಂದು ಮಾಲೀಕ ದಿನಾ ತೀರ್ಮಾನಿಸುತ್ತಾನೆ. ಬೆಳಗ್ಗೆ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತಾನೆ. ಅಪಾಯ ಗೊತ್ತಿದ್ದೂ ಹೇಳದ ಕಂಪನಿ ಆ ತೀರ್ಮಾನವನ್ನು ಅವನಿಗೆ ತಿಳಿಯದಂತೆ ಅವನ ಕೈಯಿಂದ ಕಿತ್ತುಕೊಂಡಿರುತ್ತದೆ. ರಸ್ತೆ ದಾಟುತ್ತಿರುವ ಪಾದಚಾರಿಯಂತೂ ಈ ಕಾರನ್ನು ಕೊಂಡವನೂ ಅಲ್ಲ, ಹತ್ತಿದವನೂ ಅಲ್ಲ.

ಕಂಪನಿಗೆ "ಗೊತ್ತಿತ್ತು" ಎಂದರೇನು?

ಇಲ್ಲಿಂದ ವಿಷಯ ಸ್ವಲ್ಪ ಸಿಕ್ಕು ಸಿಕ್ಕು. ಮನುಷ್ಯನಿಗೆ ಗೊತ್ತಿತ್ತು ಎಂದರೆ ಅರ್ಥವಾಗುತ್ತದೆ. ಲಕ್ಷಾಂತರ ಜನ ಕೆಲಸ ಮಾಡುವ ಸಂಸ್ಥೆಗೆ ಗೊತ್ತಿತ್ತು ಎಂದರೆ ಏನು? ಒಬ್ಬನಿಗೆ ಸ್ಪ್ರಿಂಗ್ ಸಡಿಲ ಎಂದು ಗೊತ್ತು. ಇನ್ನೊಬ್ಬನಿಗೆ ಏರ್‌ಬ್ಯಾಗ್ ತೆರೆಯುತ್ತಿಲ್ಲ ಎಂದು ಗೊತ್ತು. ವಕೀಲರಿಗೆ ಕೇಸು ಜಾಸ್ತಿಯಾಗುತ್ತಿವೆ ಎಂದು ಗೊತ್ತು. ಮೂರನ್ನೂ ಒಂದೇ ಮೇಜಿನ ಮೇಲೆ ಇಡುವವರು ಯಾರೂ ಇಲ್ಲ.

ಸ್ವಿಚ್ ಪ್ರಕರಣದಲ್ಲಿ ವಕೀಲ ಆಂಟನ್ ವಾಲುಕಸ್ ನಡೆಸಿದ ತನಿಖೆಯ ವರದಿ 2014ರಲ್ಲಿ ಬಂತು. ಅದರಲ್ಲಿ ಕಂಪನಿಯವರೇ ಬಳಸುತ್ತಿದ್ದ ಎರಡು ಮಾತುಗಳಿವೆ. ಒಂದು "ಜಿಎಂ ನಾಡ್", ಅಂದರೆ ಜನರಲ್ ಮೋಟಾರ್ಸ್ ಶೈಲಿಯ ತಲೆಯಾಡಿಸುವಿಕೆ. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿ ಒಪ್ಪುತ್ತಾರೆ, ಹೊರಗೆ ಬಂದ ಮೇಲೆ ಯಾರೂ ಏನೂ ಮಾಡುವುದಿಲ್ಲ. ಇನ್ನೊಂದು "ಜಿಎಂ ಸಲ್ಯೂಟ್". ಎರಡೂ ಕೈ ಅಡ್ಡ ಹಾಕಿ ಬೆರಳು ಬೇರೆಯವರ ಕಡೆ ತೋರಿಸುವುದು. ದೊಡ್ಡ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಎರಡೂ ಭಂಗಿಗಳ ಪರಿಚಯ ಇರಲೇಬೇಕು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಡೆನ್ನಿಸ್ ಜೋಯಾ ಎಂಬುವರ ವಿಷಯ. 1970ರ ದಶಕದ ಆರಂಭದಲ್ಲಿ ಫೋರ್ಡ್ ಕಂಪನಿಯಲ್ಲಿ ರೀಕಾಲ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಆಗ ಫೋರ್ಡ್‌ನ ಪಿಂಟೋ ಎಂಬ ಸಣ್ಣ ಕಾರಿನ ಪೆಟ್ರೋಲ್ ಟ್ಯಾಂಕ್ ಹಿಂದಿನ ಆಕ್ಸಲ್‌ನ ಹಿಂದೆ ಇತ್ತು. ಹಿಂದಿನಿಂದ ಇನ್ನೊಂದು ವಾಹನ ಗುದ್ದಿದರೆ ಟ್ಯಾಂಕ್ ಒಡೆದು ಬೆಂಕಿ ಹತ್ತುತ್ತಿತ್ತು. ಬೆಂದುಹೋದ ಪಿಂಟೋ ಒಂದನ್ನು ಜೋಯಾ ಕಣ್ಣಾರೆ ನೋಡಿದ್ದರು. ಆದರೂ ರೀಕಾಲ್ ಬೇಡ ಎಂದು ಮತ ಹಾಕಿದರು.

ಅವರು ಕಟುಕರಾಗಿರಲಿಲ್ಲ. ಅವರ ಬಳಿಯೇ ಒಂದು ಪಿಂಟೋ ಇತ್ತು. ಅದನ್ನು ತಮ್ಮ ಸಹೋದರಿಗೇ ಮಾರಿದರು. ಗೊತ್ತಿದ್ದೂ ಯಾರಾದರೂ ಹಾಗೆ ಮಾಡುತ್ತಾರಾ? ಮುಂದೆ ಅಧ್ಯಾಪಕರಾದ ಮೇಲೆ ಅವರೇ ಇದನ್ನು ಬರೆದುಕೊಂಡರು. ದಿನಾ ಮೇಜಿನ ಮೇಲೆ ಹತ್ತಾರು ಕಡತ ಬರುತ್ತಿದ್ದವು. ತುಂಬಾ ಸಲ ಆಗಿರಬೇಕು, ಇಲ್ಲವೇ ಕಾರಣ ಸ್ಪಷ್ಟವಾಗಿ ಕಾಣಬೇಕು, ಆಗ ಮಾತ್ರ ಕಡತ ಮುಂದೆ ಹೋಗಬೇಕು ಎಂಬ ಒಂದು ಅಚ್ಚು ಅವರ ತಲೆಯಲ್ಲಿ ಕೂತಿತ್ತು. ಪಿಂಟೋ ಆ ಅಚ್ಚಿಗೆ ಹೊಂದಲಿಲ್ಲ. ನೈತಿಕ ಪ್ರಶ್ನೆ ಎದುರಿಗಿದೆ ಎಂಬುದೇ ಆಗ ಹೊಳೆಯಲಿಲ್ಲ.

ಪಿಂಟೋ ಮಾತು ಬಂದಾಗಲೆಲ್ಲ ಒಂದು ಟಿಪ್ಪಣಿಯ ಕಥೆಯೂ ಬರುತ್ತದೆ. ಒಂದು ಜೀವಕ್ಕೆ 2 ಲಕ್ಷ ಡಾಲರ್ ಬೆಲೆ ಕಟ್ಟಿ, ಕಾರಿಗೆ 11 ಡಾಲರ್ ಖರ್ಚು ಮಾಡುವುದಕ್ಕಿಂತ ಜನ ಸಾಯುವುದೇ ಅಗ್ಗ ಎಂದು ಫೋರ್ಡ್ ಲೆಕ್ಕ ಹಾಕಿತು ಅಂತ. ಆ ಟಿಪ್ಪಣಿ ನಿಜ, 1973ರದ್ದು. ಆದರೆ ಹೇಳುವವರು ಅರ್ಧ ಬಿಟ್ಟು ಹೇಳುತ್ತಾರೆ. ಅದು ಪಿಂಟೋ ಬಗ್ಗೆ ಬರೆದದ್ದಲ್ಲ. ಅಮೆರಿಕದ ಎಲ್ಲ ಕಂಪನಿಗಳ ಒಟ್ಟು 1.25 ಕೋಟಿ ವಾಹನಗಳ ಲೆಕ್ಕ ಅದು. ಕಾರು ಮಗುಚಿದಾಗ ಇಂಧನ ಸೋರುವುದರ ಕುರಿತು ಸರ್ಕಾರ ಮಾಡಹೊರಟಿದ್ದ ನಿಯಮಕ್ಕೆ ಉತ್ತರವಾಗಿ ಅದನ್ನು ಬರೆದಿದ್ದರು. 2 ಲಕ್ಷ ಡಾಲರ್ ಎಂಬ ಅಂಕಿಯೂ ಸರ್ಕಾರದ ಸುರಕ್ಷತಾ ಸಂಸ್ಥೆಯದ್ದೇ.

ಇದನ್ನು ಹೇಳುವುದು ಫೋರ್ಡ್‌ಗೆ ವಕಾಲತ್ತು ಹಾಕೋಕಲ್ಲ. ಕೊನೆಗೆ 1978ರಲ್ಲಿ ಆ ಕಂಪನಿ ಸುಮಾರು 15 ಲಕ್ಷ ಕಾರುಗಳನ್ನು ಕರೆಸಿಕೊಳ್ಳಬೇಕಾಯಿತು. ನಾನು ಹೇಳುವುದು ಬೇರೆ. ರಾಕ್ಷಸರು ಕೂತು ಹೆಣಗಳ ಲೆಕ್ಕ ಹಾಕಿದರು ಎಂಬ ಕಥೆ ಕೇಳಲು ಸಲೀಸು. ನಿಜವಾಗಿ ನಡೆಯುವುದು ಜೋಯಾ ಮೇಜಿನ ಮೇಲೆ ನಡೆದದ್ದು. ಅಲ್ಲಿ ರಾಕ್ಷಸರಿಲ್ಲ, ಬರೀ ಕಡತಗಳಿವೆ.

ಮಾತಿಗೆ ಬಣ್ಣ ಬಳಿಯುವುದು

ಬಾಯಿಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಕಂಪನಿಗಳಿಗೆ ಆ ಭಯ ಜಾಸ್ತಿ. ಬರೆದದ್ದೆಲ್ಲ ನಾಳೆ ಕೋರ್ಟಿಗೆ ಬರಬಹುದು. ಆದ್ದರಿಂದ ಬರೆಯುವಾಗಲೇ ಮಾತನ್ನು ಮೆತ್ತಗೆ ಮಾಡುತ್ತಾರೆ. ಜನರಲ್ ಮೋಟಾರ್ಸ್ 2008ರಲ್ಲಿ ತನ್ನ ನೌಕರರಿಗೆ ಕೊಟ್ಟ ತರಬೇತಿಯಲ್ಲಿ ಬಳಸಬಾರದ ಪದಗಳ ಒಂದು ಪಟ್ಟಿ ಇತ್ತು. "ದೋಷ" ಎನ್ನಬಾರದು, "ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ" ಎನ್ನಬೇಕು. "ಸಮಸ್ಯೆ" ಬೇಡ, "ವಿಷಯ" ಅಥವಾ "ಸ್ಥಿತಿ" ಸಾಕು. "ಟೈಟಾನಿಕ್", "ಉರುಳುವ ಶವಪೆಟ್ಟಿಗೆ" ಎಂಬಂಥ ಮಾತುಗಳೂ ಬೇಡದವುಗಳ ಸಾಲಿನಲ್ಲಿದ್ದವು. ಯಾರೋ ಹಾಗೆ ಬರೆದಿರಬೇಕು, ಇಲ್ಲದಿದ್ದರೆ ಪಟ್ಟಿಗೆ ಯಾಕೆ ಸೇರುತ್ತವೆ ಎಂದು ನನಗೆ ಅನುಮಾನ!

ಮಾತು ಮೆತ್ತಗಾದರೆ ನಷ್ಟ ಕೋರ್ಟಿನಲ್ಲಿ ಅಷ್ಟೇ ಅಲ್ಲ. ಮೇಲಿನವರು ಓದುವುದು ಆ ಮೆತ್ತಗಿನ ಮಾತನ್ನೇ. "ಎಂಜಿನ್ ಆಫ್ ಆಗಿ ಏರ್‌ಬ್ಯಾಗ್ ಸಾಯುತ್ತದೆ" ಎಂದು ಓದಿದವರು ಕುರ್ಚಿಯಿಂದ ಎದ್ದಾರು. "ಗ್ರಾಹಕರ ಅನುಕೂಲದ ವಿಷಯ" ಎಂದು ಓದಿದವರು ಮುಂದಿನ ಕಡತ ತೆಗೆದುಕೊಳ್ಳುತ್ತಾರೆ. 2002ರಲ್ಲಿ ಆ ಸ್ವಿಚ್‌ನ ಉಸ್ತುವಾರಿ ಹೊತ್ತ ಎಂಜಿನಿಯರ್ ಒಂದು ಇಮೇಲ್‌ನಲ್ಲಿ ಅದನ್ನು "ನರಕದ ಸ್ವಿಚ್" ಎಂದು ಕರೆದಿದ್ದ. ಇಡೀ ಕಥೆಯಲ್ಲಿ ಸರಿಯಾದ ಹೆಸರು ಇಟ್ಟದ್ದು ಆ ಇಮೇಲ್ ಒಂದೇ ಅನ್ನಿಸುತ್ತದೆ. ಒಪ್ಪಿಗೆ ಕೊಟ್ಟವನೂ ಅವನೇ.

ಬಚ್ಚಿಡುವುದರಲ್ಲಿ ಇನ್ನೂ ಒರಟು ದಾರಿಗಳಿವೆ. ಜಪಾನಿನ ಮಿತ್ಸುಬಿಷಿ ಮೋಟಾರ್ಸ್ ಗ್ರಾಹಕರ ದೂರುಗಳಿಗೆ ಎರಡು ಲೆಕ್ಕ ಇಟ್ಟಿತ್ತು. ಸರ್ಕಾರಕ್ಕೆ ತೋರಿಸುವುದು ಒಂದು, ಬಚ್ಚಿಡುವುದು ಇನ್ನೊಂದು. ಅನಾಮಧೇಯ ಸುಳಿವು ಸಿಕ್ಕಿ 2000ದಲ್ಲಿ ಅಧಿಕಾರಿಗಳು ಹೋಗಿ ನೋಡಿದಾಗ ಕಡತಗಳು ಸಿಕ್ಕಿದ್ದು ನೌಕರರ ಲಾಕರ್ ಕೋಣೆಯಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆದಿತ್ತು ಎಂದು ಕಂಪನಿ ಒಪ್ಪಿಕೊಂಡಿತು.

ಕಾನೂನು ಎಲ್ಲಿಗೆ ನಿಲ್ಲುತ್ತದೆ

ಅಮೆರಿಕದಲ್ಲಿ ವಾಹನ ಸುರಕ್ಷತೆಯ ಮೂಲ ಕಾನೂನು ಬಂದದ್ದು 1966ರಲ್ಲಿ. ಆಗ ಕಂಪನಿ ಮಾಲೀಕರಿಗೆ ದೋಷದ ವಿಷಯ ತಿಳಿಸಿದರೆ ಸಾಕಿತ್ತು. ಪುಕ್ಕಟೆಯಾಗಿ ಸರಿಮಾಡಿಕೊಡಬೇಕು ಎಂಬ ನಿಯಮ ಸೇರಿದ್ದು 1974ರಲ್ಲಿ. ಸುರಕ್ಷತೆಯ ದೋಷ ಇದೆ ಎಂದು ತೀರ್ಮಾನವಾದ 5 ಕೆಲಸದ ದಿನಗಳೊಳಗೆ ಸುರಕ್ಷತಾ ಸಂಸ್ಥೆಗೆ ತಿಳಿಸಬೇಕು ಎಂದೂ ಇದೆ.

ಕಿಂಡಿ ಇರುವುದು "ತೀರ್ಮಾನವಾದ" ಎಂಬ ಪದದಲ್ಲಿ. ತೀರ್ಮಾನ ಯಾವಾಗ ಆಗುತ್ತದೆ? ಸಮಿತಿ ಕೂತಾಗ. ಸಮಿತಿ ಯಾವಾಗ ಕೂರುತ್ತದೆ? ಅಧ್ಯಯನ ಮುಗಿದಾಗ. ಅಧ್ಯಯನ ಯಾವಾಗ ಮುಗಿಯುತ್ತದೆ? ಇನ್ನೂ ಸ್ವಲ್ಪ ದತ್ತಾಂಶ ಬೇಕು ಸ್ವಾಮಿ. ಹೀಗೆ ವರ್ಷಗಳು ಉರುಳುತ್ತವೆ, ಐದು ದಿನಗಳ ಗಡಿಯಾರ ಶುರುವೇ ಆಗಿರುವುದಿಲ್ಲ.

ಎಚ್ಚರಿಕೆಯೂ ಬೇಕು ನಿಜ. ಪ್ರತಿ ಕಿರ್ ಶಬ್ದಕ್ಕೂ ಲಕ್ಷ ಕಾರು ಕರೆಸಿದರೆ ಜನ ಎಚ್ಚರಿಕೆ ಪತ್ರಗಳನ್ನು ಓದುವುದನ್ನೇ ಬಿಡುತ್ತಾರೆ. ಕಾರಣ ತಿಳಿಯದೆ ಭಾಗ ಬದಲಿಸಿದರೆ ಹೊಸ ಭಾಗವೂ ಕೈಕೊಡಬಹುದು. ಆದರೆ ಕಾರಣ ಗೊತ್ತಾಗುವವರೆಗೆ ಮಾಲೀಕನಿಗೆ ಏನೂ ಹೇಳಬಾರದು ಎಂದೇನಿಲ್ಲವಲ್ಲ. "ಹೀಗೊಂದು ತೊಂದರೆ ಕಾಣುತ್ತಿದೆ, ಹುಡುಕುತ್ತಿದ್ದೇವೆ, ಅಲ್ಲಿಯವರೆಗೆ ಹೀಗೆ ಮಾಡಿ" ಎನ್ನಬಹುದು. ಷೆವರ್ಲೆ ಬೋಲ್ಟ್ ಎಂಬ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಬೆಂಕಿ ಹತ್ತತೊಡಗಿದಾಗ ಕಂಪನಿ ಹಾಗೇ ಮಾಡಿತು. ಕಾರನ್ನು ಮನೆಯೊಳಗೆ ನಿಲ್ಲಿಸಬೇಡಿ, ಚಾರ್ಜ್ ಶೇ. 90 ದಾಟಿಸಬೇಡಿ ಎಂದು ಹೇಳಿತು. ಮಾಲೀಕರು ಸಿಟ್ಟಾದರು. 2021ರಲ್ಲಿ ಆವರೆಗೆ ತಯಾರಾದ ಎಲ್ಲ ಬೋಲ್ಟ್ ಕಾರುಗಳನ್ನೂ ರೀಕಾಲ್‌ಗೆ ಸೇರಿಸಬೇಕಾಯಿತು. ಆದರೂ ಮನೆಯೊಳಗೆ ನಿಲ್ಲಿಸಬಾರದು ಎಂಬುದು ಮಾಲೀಕರಿಗೆ ಗೊತ್ತಿತ್ತಲ್ಲ. ಸ್ವಿಚ್ ಪ್ರಕರಣದ ಅದೇ ಜನರಲ್ ಮೋಟಾರ್ಸ್ ಇದು.

ಹೇಳಿದ ಮೇಲೂ ಮುಗಿಯದ್ದು

ತಕಾಟಾ ಏರ್‌ಬ್ಯಾಗ್ ವಿಷಯ ಬಹಳ ಜನ ಕೇಳಿರುತ್ತೀರಿ. ಏರ್‌ಬ್ಯಾಗ್ ಉಬ್ಬಿಸಲು ಅದರೊಳಗೆ ಒಂದು ಚಿಕ್ಕ ಸ್ಫೋಟ ಆಗಬೇಕು. ಅದಕ್ಕೆ ತಕಾಟಾ ಕಂಪನಿ ಅಮೋನಿಯಂ ನೈಟ್ರೇಟ್ ಬಳಸಿತು. ವರ್ಷಗಟ್ಟಲೆ ಸೆಕೆ ಮತ್ತು ತೇವ ತಿಂದು ಆ ರಾಸಾಯನಿಕ ಹಾಳಾಗುತ್ತಿತ್ತು. ಆಮೇಲೆ ಸ್ಫೋಟದ ರಭಸಕ್ಕೆ ಲೋಹದ ಡಬ್ಬಿಯೇ ಛಿದ್ರವಾಗಿ ಚೂರುಗಳು ಚಾಲಕನ ಕತ್ತು, ಮುಖಕ್ಕೆ ಹಾರುತ್ತಿದ್ದವು. ಪರೀಕ್ಷೆಯ ಫಲಿತಾಂಶಗಳನ್ನು ತಿದ್ದಿ ಕಾರು ಕಂಪನಿಗಳಿಗೆ ಕೊಟ್ಟಿದ್ದಾಗಿ ತಪ್ಪೊಪ್ಪಿಕೊಳ್ಳಲು ತಕಾಟಾ 2017ರ ಜನವರಿಯಲ್ಲಿ ಸಮ್ಮತಿಸಿತು. 100 ಕೋಟಿ ಡಾಲರ್ ದಂಡ ಮತ್ತು ಪರಿಹಾರ. ಅದೇ ಜೂನ್‌ನಲ್ಲಿ ದಿವಾಳಿ ಅರ್ಜಿ.

ಭಾಗ ಮಾಡಿದವನು ಮೋಸ ಮಾಡಿದ, ಕಾರು ಮಾಡಿದವನದೇನು ತಪ್ಪು ಎಂದು ಕೇಳಬಹುದು. ಮಾಲೀಕ ಕೊಂಡದ್ದು ಕಾರನ್ನು. ಅದರ ಮೂತಿಯ ಮೇಲೆ ಇರುವ ಹೆಸರು ಕಾರು ಕಂಪನಿಯದ್ದು. ತಕಾಟಾ ಎಂಬ ಹೆಸರನ್ನೇ ಬಹುಪಾಲು ಮಾಲೀಕರು ಕೇಳಿರಲಿಲ್ಲ. ಒಳಗಿನ ಭಾಗ ಎಲ್ಲಿಂದಾದರೂ ಬರಲಿ, ಮಾಲೀಕನಿಗೆ ಉತ್ತರ ಹೇಳಬೇಕಾದವರು ಹೆಸರು ಹಾಕಿಕೊಂಡವರೇ.

ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್ ಭಾಗಗಳನ್ನು ಬದಲಿಸಬೇಕಿತ್ತು. ಅಷ್ಟು ಭಾಗ ಯಾರ ಹತ್ತಿರವೂ ಇರಲಿಲ್ಲ. "ನಿಮ್ಮ ಏರ್‌ಬ್ಯಾಗ್ ಅಪಾಯಕಾರಿ, ಆದರೆ ಹೊಸದು ಇನ್ನೂ ಬಂದಿಲ್ಲ" ಎಂಬ ಪತ್ರ ಹಿಡಿದು ಕೂತ ಮಾಲೀಕನಿಗೆ ಅತ್ತ ದರಿ, ಇತ್ತ ಪುಲಿ. ಕೆಲವರಿಗೆ ತಾತ್ಕಾಲಿಕವಾಗಿ ಹಾಕಿಕೊಟ್ಟದ್ದು ಅದೇ ಮಾದರಿಯ ಹೊಸ ಭಾಗವನ್ನು. ಹೊಸದಾದ್ದರಿಂದ ಇನ್ನು ಕೆಲವು ವರ್ಷ ಪರವಾಗಿಲ್ಲ, ಆಮೇಲೆ ಮತ್ತೆ ಬದಲಿಸೋಣ ಎಂಬ ಲೆಕ್ಕ. ತಪ್ಪು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಇದ್ದದ್ದರಲ್ಲಿ ಕಡಿಮೆ ಅಪಾಯದ್ದು ಅದೇ. ಆದರೆ ಇಂಥ ಸಮಯದಲ್ಲಿ ಓಡಾಡಲು ಬೇರೆ ಕಾರು ಕೊಡುವುದು ಉಪಕಾರವಲ್ಲ, ಸಾಲ ತೀರಿಸಿದ ಹಾಗೆ.

ಹಳೆಯ ಕಾರುಗಳದ್ದು ಇನ್ನೊಂದು ಪಾಡು. 2001–03ರ ಕೆಲವು ಹೋಂಡಾ ಮತ್ತು ಅಕ್ಯುರಾ ಕಾರುಗಳ ತಕಾಟಾ ಭಾಗ ಪರೀಕ್ಷೆಯಲ್ಲಿ ಶೇ. 50ರವರೆಗೂ ಒಡೆಯುತ್ತಿತ್ತು. ಅಷ್ಟು ಹಳೆಯ ಕಾರು ಮೂರನೆಯ, ನಾಲ್ಕನೆಯ ಕೈ ದಾಟಿರುತ್ತದೆ. ಕಂಪನಿಯ ಪತ್ರ ಮೊದಲ ಮಾಲೀಕನ ಹಳೆಯ ವಿಳಾಸಕ್ಕೆ ಹೋಗಿ ವಾಪಸ್ ಬರುತ್ತದೆ. ಅಮೆರಿಕದ ಕಾನೂನಿನಲ್ಲಿ 15 ವರ್ಷ ದಾಟಿದ ಕಾರಿಗೆ ಪುಕ್ಕಟೆ ದುರಸ್ತಿಯ ಬಾಧ್ಯತೆಯೂ ಇಲ್ಲ. ಅಪಾಯ ಜಾಸ್ತಿ ಇರುವ ಕಾರು, ದುಡ್ಡು ಕಡಿಮೆ ಇರುವ ಮಾಲೀಕ. ಪತ್ರ ಹಾಕಿದ್ದೇವೆ ಎಂದು ಕೈ ತೊಳೆದುಕೊಳ್ಳುವುದು ಕಾನೂನಿಗೆ ಸಾಕಾಗಬಹುದು. ಫೋನ್ ಮಾಡಿ, ಮನೆ ಹುಡುಕಿಕೊಂಡು ಹೋಗುವವರೆಗೂ ಹೊಣೆ ಮುಗಿಯುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ದೇಶ ದೇಶಕ್ಕೂ ಬೇರೆ ನ್ಯಾಯ ಎಂಬುದೂ ಇದೆ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರ್ ಸಿಪ್ಪೆ ಸುಲಿದು ಗಾಡಿ ಮಗುಚುತ್ತಿತ್ತು. ಸೌದಿ ಅರೇಬಿಯಾದ ಮಾಲೀಕರಿಗೆ 1999ರಲ್ಲೇ ಫೋರ್ಡ್ ಟೈರ್ ಬದಲಿಸಿಕೊಡಲು ಶುರುಮಾಡಿತು. ಅದೇ ಟೈರ್ ಹಾಕಿಕೊಂಡು ಓಡುತ್ತಿದ್ದ ಅಮೆರಿಕದವರಿಗೆ ಆಗ ಸುದ್ದಿಯೇ ಇಲ್ಲ. ಅಲ್ಲಿ ರೀಕಾಲ್ ಆದದ್ದು 2000ದ ಆಗಸ್ಟ್‌ನಲ್ಲಿ. ಹೊರದೇಶದಲ್ಲಿ ಮಾಡುವ ರೀಕಾಲ್‌ಗಳನ್ನೂ ವರದಿ ಮಾಡಬೇಕು ಎಂಬ ಕಾನೂನು ಅಮೆರಿಕದಲ್ಲಿ ಅದೇ ವರ್ಷ ಬಂತು.

ಜೀವ ಹೋಗದ ದೋಷಗಳು

ಇಲ್ಲಿಯವರೆಗೆ ಸಾವಿನ ಮಾತೇ ಆಯಿತು. ಹೆಚ್ಚಿನ ಮಾಲೀಕರು ಒದ್ದಾಡುವುದು ಇನ್ನೊಂದು ಬಗೆಯ ದೋಷದ ಜೊತೆ. ಎಂಜಿನ್ ಆಯಿಲ್ ಕುಡಿಯುತ್ತದೆ. ಗೇರ್‌ಬಾಕ್ಸ್ ಜಗ್ಗುತ್ತದೆ. ಬಣ್ಣ ಪದರ ಪದರವಾಗಿ ಏಳುತ್ತದೆ. ಯಾರೂ ಸಾಯುವುದಿಲ್ಲ, ಆದ್ದರಿಂದ ರೀಕಾಲ್ ಇಲ್ಲ. ಜೇಬು ಮಾತ್ರ ಖಾಲಿಯಾಗುತ್ತದೆ, ಅದೂ ಎಷ್ಟೋ ಸಲ ವಾರಂಟಿ ಮುಗಿದ ಮೇಲೆ.

ಇಂಥದ್ದಕ್ಕೆ ಕಂಪನಿಗಳು ಡೀಲರ್‌ಗಳಿಗೆ ಒಳಗಿನ ಸೂಚನೆ ಕಳಿಸುತ್ತವೆ. ಈ ತೊಂದರೆ ಬಂದರೆ ಹೀಗೆ ಸರಿಮಾಡಿ, ಗ್ರಾಹಕ ಜೋರು ಮಾಡಿದರೆ ಖರ್ಚು ನಾವು ಹಾಕಿಕೊಳ್ಳುತ್ತೇವೆ ಎಂದು. ಗ್ರಾಹಕನಿಗೆ ಇದು ಗೊತ್ತಿರುವುದಿಲ್ಲ. ಅತ್ತ ಮಗುವಿಗೆ ಮಾತ್ರ ಹಾಲು. ಗಲಾಟೆ ಮಾಡಿದವನಿಗೆ ಪುಕ್ಕಟೆ, ಮರ್ಯಾದಸ್ಥನಿಗೆ ಬಿಲ್ಲು. ಅಮೆರಿಕದಲ್ಲಿ ಇದನ್ನು ಗುಟ್ಟಿನ ವಾರಂಟಿ ಎಂದೇ ಕರೆಯುತ್ತಾರೆ. ನನ್ನ ಪ್ರಕಾರ ಇದು ಸಣ್ಣ ಮೋಸವೇನಲ್ಲ. ದೋಷ ತನ್ನದೇ ಎಂದು ಕಂಪನಿ ಒಪ್ಪಿಕೊಂಡಾಗಿದೆ, ಒಪ್ಪಿಕೊಂಡದ್ದನ್ನು ಎಲ್ಲರಿಗೂ ಹೇಳುತ್ತಿಲ್ಲ ಅಷ್ಟೇ.

ಇನ್ನೂ ಬೇಸರ ತರಿಸುವುದು ಮಾಲೀಕನ ಮೇಲೇ ತಪ್ಪು ಹಾಕುವುದು. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಫೋಕಸ್, ಫಿಯೆಸ್ಟಾ ಕಾರುಗಳ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನಡುಗುತ್ತಿತ್ತು. ನೀವು ಓಡಿಸುವ ರೀತಿ ಸರಿಯಿಲ್ಲ ಎಂದು ಮಾಲೀಕರಿಗೆ ಹೇಳಿ ಕಳಿಸುತ್ತಿದ್ದರು. ಗೇರ್‌ಬಾಕ್ಸ್‌ನಲ್ಲೇ ತೊಂದರೆ ಇದೆ ಎಂದು ಕಂಪನಿಗೆ ಗೊತ್ತಿತ್ತು. 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗೇರ್‌ಬಾಕ್ಸ್ ಕೆಟ್ಟದ್ದಕ್ಕಲ್ಲ, ಗೊತ್ತಿದ್ದೂ ಗ್ರಾಹಕರ ಜೊತೆ ಹಾಗೆ ನಡೆದುಕೊಂಡದ್ದಕ್ಕೆ.

ಒಳಗಿನವರು ಬಾಯಿಬಿಟ್ಟರೆ ಏನಾಗುತ್ತದೆ? ಹ್ಯುಂಡೈನಲ್ಲಿ ಎಂಜಿನಿಯರ್ ಆಗಿದ್ದ ಕಿಮ್ ಗ್ವಾಂಗ್ ಹೋ 2016ರಲ್ಲಿ ಎಂಜಿನ್ ದೋಷದ ದಾಖಲೆಗಳನ್ನು ಅಮೆರಿಕದ ಸುರಕ್ಷತಾ ಸಂಸ್ಥೆಗೆ ಕೊಟ್ಟರು. ಕೆಲಸ ಹೋಯಿತು. 2020ರಲ್ಲಿ ಹ್ಯುಂಡೈ ಮತ್ತು ಕಿಯಾ ಮೇಲೆ ಒಟ್ಟು 21 ಕೋಟಿ ಡಾಲರ್ ದಂಡ ಬಿತ್ತು. ಮರುವರ್ಷ ಅದೇ ಸಂಸ್ಥೆ ಕಿಮ್‌ಗೆ 2.4 ಕೋಟಿ ಡಾಲರ್‌ಗೂ ಹೆಚ್ಚು ಬಹುಮಾನ ಕೊಟ್ಟಿತು.

ಸರಿಯಾಗಿ ಮಾಡಿದ್ದರೆ ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 1989ರಲ್ಲಿ ಟೊಯೋಟಾ ಲೆಕ್ಸಸ್ ಎಂಬ ಹೊಸ ಹೆಸರಿನಲ್ಲಿ ದುಬಾರಿ ಕಾರು ತಂದಿತು. ಕೆಲವೇ ತಿಂಗಳಲ್ಲಿ ಒಂದೆರಡು ದೂರು ಬಂತು, ಬ್ರೇಕ್ ಲೈಟ್ ಬಿಸಿಯಾಗುತ್ತದೆ, ಕಾರಿನ ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಸಿಕ್ಕಿಕೊಳ್ಳುತ್ತದೆ ಎಂದು. ಒಂದೆರಡೇ ದೂರು. ಮಾರಿದ್ದ ಸುಮಾರು 8,000 ಕಾರುಗಳನ್ನೂ ಕರೆಸಿತು. ಮಾಲೀಕರ ಮನೆಯಿಂದಲೇ ಕಾರು ಒಯ್ದು, ಸರಿಮಾಡಿ, ತೊಳೆದು, ಟ್ಯಾಂಕ್ ತುಂಬಿಸಿ ವಾಪಸ್ ತಂದುಕೊಟ್ಟರು. ಲೆಕ್ಸಸ್ ಹೆಸರು ಬೆಳೆದದ್ದೇ ಅಲ್ಲಿಂದ ಎನ್ನುವವರಿದ್ದಾರೆ.

ಅದೇ ಟೊಯೋಟಾ 2014ರಲ್ಲಿ 120 ಕೋಟಿ ಡಾಲರ್ ಕಟ್ಟಿತು. ಕಾರು ತಾನಾಗಿ ವೇಗ ಹೆಚ್ಚಿಸಿಕೊಳ್ಳುವ ತೊಂದರೆಯಲ್ಲಿ ನೆಲದ ಮ್ಯಾಟ್ ಪೆಡಲ್‌ಗೆ ಸಿಕ್ಕಿಕೊಳ್ಳುವುದು ಒಂದು ಕಾರಣ, ಪೆಡಲ್ ತಾನೇ ಅಂಟಿಕೊಳ್ಳುವುದು ಇನ್ನೊಂದು. ಮೂಲ ಕಾರಣವನ್ನು ಸರಿಪಡಿಸಿದ್ದೇವೆ ಎಂದು ಸಾರ್ವಜನಿಕರಿಗೆ ಹೇಳುವಾಗ ಎರಡನೆಯದು ಕಂಪನಿಗೆ ಗೊತ್ತಿತ್ತು. 8,000 ಕಾರಿದ್ದಾಗ ಸುಲಭವಾಗಿದ್ದ ಪ್ರಾಮಾಣಿಕತೆ ಲಕ್ಷಾಂತರ ಕಾರಾದಾಗ ದುಬಾರಿಯಾಯಿತು ಅಂದುಕೊಳ್ಳಬೇಕಷ್ಟೇ.

ಮಾಲೀಕನ ಕೈಯಲ್ಲಿರುವುದು ಕಡಿಮೆಯೇ. ಚಾಸಿ ನಂಬರ್ ಹಾಕಿ ರೀಕಾಲ್ ಬಾಕಿ ಇದೆಯಾ ಎಂದು ಆಗಾಗ ನೋಡಬಹುದು. ಸೆಕೆಂಡ್‌ಹ್ಯಾಂಡ್ ಕೊಂಡಿದ್ದರೆ ನಿಮ್ಮ ವಿಳಾಸವನ್ನು ಕಂಪನಿಗೆ ತಿಳಿಸಬಹುದು. ಸರ್ವಿಸ್‌ಗೆ ಹೋದಾಗ ಜಾಬ್ ಕಾರ್ಡ್ ಮೇಲೆ ಏನು ಬರೆಯುತ್ತಾರೆ ಎಂದು ಓದಿಯೇ ಸಹಿ ಮಾಡಿ. "ಎಂಜಿನ್ ಸರಿಯಿಲ್ಲ ಎನ್ನುತ್ತಾರೆ" ಎಂದು ಬರೆದರೆ ಒಪ್ಪಬೇಡಿ. ಎಷ್ಟು ವೇಗದಲ್ಲಿದ್ದಿರಿ, ಎಂಜಿನ್ ಹೇಗೆ ನಿಂತಿತು, ಸ್ಟೀರಿಂಗ್ ಬಿಗಿಯಾಯಿತಾ, ಎಷ್ಟನೆಯ ಸಲ, ಎಲ್ಲ ನಿಮ್ಮ ಮಾತಿನಲ್ಲೇ ಬರೆಸಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೊಂದು ದಿನ ಕಂಪನಿಗೆ ಯಾವಾಗ ಗೊತ್ತಾಯಿತು ಎಂದು ಯಾರಾದರೂ ಕೇಳಿದಾಗ ಆ ಚೀಟಿಯ ಮೇಲೆ ತಾರೀಖು ಇರುತ್ತದೆ.